ಸಾಸೇಜು ಮತ್ತು ಕ್ಯಾಲೊರಿ: ಒಂದು ಲೆಕ್ಕದ ಇತಿಹಾಸ

ಬೆಳಗಿನ ತಿಂಡಿಗೆ ಸಾಸೇಜು ತಿನ್ನಬಹುದೇ? ತಿಂದರೆ ಎಷ್ಟು ಕ್ಯಾಲೊರಿ? ತೂಕ ಹೆಚ್ಚದಂತೆ ಅದನ್ನು ತಟ್ಟೆಯಲ್ಲಿ ಹೇಗೆ ಹೊಂದಿಸಿಕೊಳ್ಳುವುದು? ಮಹಾನಗರಗಳ ಮನೆಗಳಲ್ಲಿ ಇಂದು ಇಂಥ ಪ್ರಶ್ನೆಗಳು ಸಾಮಾನ್ಯವಾಗಿವೆ. ಉತ್ತರ ಹೇಳುವವರೆಲ್ಲ ಕ್ಯಾಲೊರಿಯ ಅಂಕಿಯನ್ನೇ ಮುಂದಿಡುತ್ತಾರೆ. ಆದರೆ ಆಹಾರಕ್ಕೆ ಈ ಲೆಕ್ಕ ಹಚ್ಚಿದ್ದು ಜನ ಕಡಿಮೆ ತಿನ್ನಲೆಂದಲ್ಲ. ಬಡ ದುಡಿಮೆಗಾರ ತನ್ನ ಅಲ್ಪ ಕಾಸಿನಲ್ಲೇ ಸಾಕಷ್ಟು ತಿನ್ನಲೆಂದು. ಇದನ್ನು ನೆನಪಿಟ್ಟುಕೊಂಡರೆ ಸಾಸೇಜಿನ ಪ್ರಶ್ನೆಗೆ ಉತ್ತರವೂ ಸುಲಭವಾಗುತ್ತದೆ. ಸಸ್ಯಾಹಾರಿ ಓದುಗರು ಮುಖ ತಿರುಗಿಸಬೇಕಾಗಿಲ್ಲ. ತುಪ್ಪದ ದೋಸೆಗೂ ಉದ್ದಿನ ವಡೆಗೂ ಲೆಕ್ಕ ಇದೇ.

ಮೊದಲು ಪದಾರ್ಥದ ಪರಿಚಯ. ಸಣ್ಣಗೆ ಕೊಚ್ಚಿದ ಮಾಂಸಕ್ಕೆ ಕೊಬ್ಬು, ಉಪ್ಪು, ಮಸಾಲೆ ಬೆರೆಸಿ, ಶುಚಿ ಮಾಡಿದ ಕರುಳಿನಲ್ಲಿ ತುಂಬಿದರೆ ಸಾಸೇಜು. ಮುಂಬಯಿ, ಪುಣೆಗಳಲ್ಲಿರುವ ನಮ್ಮವರಲ್ಲಿ ಹಲವರಿಗೆ ಮೆಣಸಿನಕಾಯಿ, ವಿನೆಗರ್ ಹಾಕಿದ ಗೋವೆಯ ಚೊರೀಸ್ ಗೊತ್ತಿದ್ದೀತು. ಸಾಸೇಜ್ ಎಂಬ ಹೆಸರು ‘ಉಪ್ಪು ಹಾಕಿದ್ದು’ ಎಂಬ ಅರ್ಥದ ಲ್ಯಾಟಿನ್ ಮಾತಿನಿಂದ ಬಂದುದು. ಫ್ರಿಜ್ಜಿಲ್ಲದ ಕಾಲದಲ್ಲಿ ಮಾಂಸದ ಚೂರುಪಾರೂ ಹಾಳಾಗದಂತೆ ಉಳಿಸಿಕೊಳ್ಳಲು ಕಂಡುಕೊಂಡ ಉಪಾಯವಿದು. ಹೊತ್ತು ಮೂಡುವ ಮುಂಚೆ ಕೆಲಸಕ್ಕೆ ಹೊರಡುವ ಮೈಮುರಿ ದುಡಿಮೆಯವನಿಗೆ ಇದಕ್ಕಿಂತ ಒದಗುವ ತಿಂಡಿ ಬೇರೆ ಯಾವುದು?

ಇನ್ನು ಲೆಕ್ಕದ ಕಡೆಗೆ ಬರೋಣ. 1780ರ ದಶಕದಲ್ಲಿ ಫ್ರಾನ್ಸಿನ ಲವಾಸಿಯೇ ಮತ್ತು ಲಾಪ್ಲಾಸ್ ಎಂಬ ವಿಜ್ಞಾನಿಗಳು ಗಿನಿಯಿಲಿಯೊಂದನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿಟ್ಟು, ಅದರ ಮೈಶಾಖಕ್ಕೆ ಎಷ್ಟು ಮಂಜು ಕರಗಿತೆಂದು ಅಳೆದರು. ಉಸಿರಾಟವೂ ಒಂದು ಬಗೆಯ ನಿಧಾನದ ದಹನವೇ ಎಂಬುದು ಅವರ ನಿರ್ಣಯ. ಒಲೆಗೆ ಸೌದೆ ಹೇಗೋ ದೇಹಕ್ಕೆ ಅನ್ನ ಹಾಗೆ. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಂಟಿಗ್ರೇಡಿನಷ್ಟು ಬಿಸಿ ಮಾಡುವ ಶಾಖವೇ ಆಹಾರಶಾಸ್ತ್ರದ ಕ್ಯಾಲೊರಿ. ಭೌತಶಾಸ್ತ್ರದ ಕ್ಯಾಲೊರಿಗಿಂತ ಇದು ಸಾವಿರಪಾಲು ದೊಡ್ಡದು.

ಇದನ್ನು ಜನಸಾಮಾನ್ಯರ ಊಟಕ್ಕೆ ತಂದವರು ಅಮೆರಿಕದ ವಿಲ್ಬರ್ ಆಟ್‌ವಾಟರ್. 1890ರ ದಶಕದಲ್ಲಿ ಅವರು ಕನೆಕ್ಟಿಕಟ್ ರಾಜ್ಯದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಮನುಷ್ಯನೇ ಒಳಗೆ ಕುಳಿತುಕೊಳ್ಳಬಹುದಾದ ಶಾಖಮಾಪಕ ಕೋಣೆಯೊಂದನ್ನು ಕಟ್ಟಿಸಿದರು. ಒಳಗಿದ್ದವನು ತಿಂದದ್ದು, ವಿಸರ್ಜಿಸಿದ್ದು, ಅವನ ಮೈಯಿಂದ ಹೊರಟ ಶಾಖ, ಎಲ್ಲಕ್ಕೂ ಜಮಾಖರ್ಚು ಇಟ್ಟರು. ಗ್ರಾಂ ಒಂದಕ್ಕೆ ಸಸಾರಜನಕಕ್ಕೂ ಪಿಷ್ಟಕ್ಕೂ 4 ಕ್ಯಾಲೊರಿ, ಕೊಬ್ಬಿಗೆ 9 ಎಂದು ಇಂದಿಗೂ ಪೊಟ್ಟಣಗಳ ಮೇಲೆ ಲೆಕ್ಕ ಹಾಕುವುದು ಅವರ ಕೆಲಸದ ಆಧಾರದ ಮೇಲೆಯೇ.

1894ರಲ್ಲಿ ಅಮೆರಿಕದ ಕೃಷಿ ಇಲಾಖೆ ಪ್ರಕಟಿಸಿದ ಅವರ ಪುಸ್ತಿಕೆಯ ವಿಷಯ ಆಹಾರದ ಸತ್ವ ಮತ್ತು ಬೆಲೆ. ಯಾವ ಪದಾರ್ಥ ಕೊಂಡರೆ ಹಣಕ್ಕೆ ಹೆಚ್ಚು ಪೋಷಣೆ ಸಿಗುತ್ತದೆ ಎಂಬುದೇ ಪ್ರಶ್ನೆ. ಮಧ್ಯಮ ಶ್ರಮದ ಗಂಡಸಿಗೆ ದಿನಕ್ಕೆ 3,500 ಕ್ಯಾಲೊರಿ ಬೇಕೆಂದು ಅವರು ಅಂದಾಜು ಮಾಡಿದರು. ಈ ತಕ್ಕಡಿಯಲ್ಲಿ ಕೊಬ್ಬಿನ ಪದಾರ್ಥಕ್ಕೆ ಒಳ್ಳೆಯ ಬೆಲೆ ಬಂತು; ಸೊಪ್ಪು, ತರಕಾರಿ ದಂಡದ ಖರ್ಚಾಗಿ ಕಂಡವು. ಜೀವಸತ್ವಗಳಿಗೆ ‘ವಿಟಮಿನ್’ ಎಂಬ ಹೆಸರು ಹುಟ್ಟಿದ್ದೇ 1912ರಲ್ಲಿ. ಆಟ್‌ವಾಟರ್ ತೀರಿಕೊಂಡದ್ದು 1907ರಲ್ಲಿ. ತಕ್ಕಡಿ ಸರಿಯಾಗಿಯೇ ಇತ್ತು. ಆದರೆ ತೂಗಬೇಕಾದದ್ದೆಲ್ಲ ಅದರಲ್ಲಿ ಹಿಡಿಸಲಿಲ್ಲ.

ಅದೇ ಅಂಕಿ ಮಗ್ಗುಲು ಬದಲಿಸಿದ್ದು 1918ರಲ್ಲಿ. ಮೊದಲನೆಯ ಮಹಾಯುದ್ಧ ನಡೆಯುತ್ತಿತ್ತು. ಸೈನಿಕರಿಗೂ ಮಿತ್ರರಾಷ್ಟ್ರಗಳಿಗೂ ಗೋಧಿ, ಮಾಂಸ ಉಳಿಸಿರೆಂದು ಅಮೆರಿಕದ ಸರ್ಕಾರ ಜನರನ್ನು ಕೇಳಿಕೊಳ್ಳುತ್ತಿತ್ತು. ಆಗ ಲುಲು ಹಂಟ್ ಪೀಟರ್ಸ್ ಎಂಬ ವೈದ್ಯೆ ತೂಕ ಇಳಿಸುವ ಪುಸ್ತಕವೊಂದನ್ನು ಬರೆದರು. ಒಂದು ಚೂರು ಬ್ರೆಡ್ಡು ಎನ್ನುವ ಬದಲು ನೂರು ಕ್ಯಾಲೊರಿ ಬ್ರೆಡ್ಡು ಎನ್ನಿರೆಂದು ಕಲಿಸಿದರು. ಆ ಪದವನ್ನು ಉಚ್ಚರಿಸುವುದು ಹೇಗೆಂದೂ ತಿಳಿಸಬೇಕಾಯಿತು, ಅಷ್ಟು ಹೊಸತದು. ಪುಸ್ತಕ ಲಕ್ಷಗಟ್ಟಲೆ ಖರ್ಚಾಯಿತು. ಕಾಲು ಶತಮಾನದ ಹಿಂದೆ ಬಡವನಿಗೆ ಲಾಭವಾಗಿದ್ದ ಅಂಕಿ ಅನುಕೂಲಸ್ಥರಿಗೆ ಸಾಲವಾಯಿತು.

ನಮ್ಮ ದೇಶದಲ್ಲಿ ಈ ಲೆಕ್ಕ ಮತ್ತೆ ಹಸಿವಿನ ಪಕ್ಷವನ್ನೇ ಹಿಡಿಯಿತು. ನೀಲಗಿರಿಯ ಕೂನೂರಿನ ಪೋಷಣ ಸಂಶೋಧನಾಲಯದಿಂದ 1937ರಲ್ಲಿ ಭಾರತೀಯ ಆಹಾರಗಳ ಸತ್ವದ ಕೋಷ್ಟಕವನ್ನು ಆಯ್ಕ್ರಾಯ್ಡ್ ಹೊರತಂದರು. ಅವರ ಚಿಂತೆ ಬೊಜ್ಜಲ್ಲ, ಅರೆಹೊಟ್ಟೆ. ಆ ಸಂಸ್ಥೆ 1958ರಲ್ಲಿ ಹೈದರಾಬಾದಿಗೆ ಬಂತು. ಇಂದಿನ ರಾಷ್ಟ್ರೀಯ ಪೋಷಣ ಸಂಸ್ಥೆ ಅದೇ. 2020ರಲ್ಲಿ ಅದು ಕೊಟ್ಟ ಅಂಕಿಗಳ ಪ್ರಕಾರ ಕುಳಿತು ಕೆಲಸ ಮಾಡುವ ಗಂಡಸಿಗೆ ದಿನಕ್ಕೆ 2,110 ಕ್ಯಾಲೊರಿ, ಕಠಿಣ ಶ್ರಮದವನಿಗೆ 3,470. ಕಡತ ನೋಡುವವನಿಗೂ ಕಲ್ಲು ಒಡೆಯುವವನಿಗೂ ದಿನಕ್ಕೆ 1,360 ಕ್ಯಾಲೊರಿಯ ವ್ಯತ್ಯಾಸ!

ಈಗ ಸಾಸೇಜನ್ನು ತೂಗಿ ನೋಡೋಣ. ಬೇಯಿಸಿದ 100 ಗ್ರಾಂ ಹಂದಿಮಾಂಸದ ಸಾಸೇಜಿನಲ್ಲಿ ಸುಮಾರು 27 ಗ್ರಾಂ ಕೊಬ್ಬು, 18 ಗ್ರಾಂ ಸಸಾರಜನಕ. ಕೊಬ್ಬಿನಿಂದ 243, ಸಸಾರಜನಕದಿಂದ 72, ಒಟ್ಟು 315 ಕ್ಯಾಲೊರಿ. ಮುಕ್ಕಾಲು ಪಾಲಿಗಿಂತ ಹೆಚ್ಚು ಕೊಬ್ಬಿನದೇ. ಕಲ್ಲು ಒಡೆಯುವವನು ಇದನ್ನು ಮಧ್ಯಾಹ್ನದೊಳಗೆ ಬೆವರಿನಲ್ಲಿ ತೀರಿಸುತ್ತಾನೆ. ಕುರ್ಚಿಯಲ್ಲಿ ಕುಳಿತ ನಮ್ಮಂಥ ಗುಮಾಸ್ತರ ಖಾತೆಯಲ್ಲಿ ಅದು ಹಿಂದಿನ ಬಾಕಿಯಾಗಿ ಸೊಂಟದ ಸುತ್ತ ಉಳಿಯುತ್ತದೆ. ತಿನಿಸು ಬದಲಾಗಲಿಲ್ಲ, ತಿನ್ನುವವನ ಕೆಲಸ ಬದಲಾಯಿತು.

ಆಟ್‌ವಾಟರರ ತಕ್ಕಡಿಯ ಕೊರತೆಯನ್ನೂ ಮರೆಯುವಂತಿಲ್ಲ. ಉಪ್ಪಿಗೆ ಕ್ಯಾಲೊರಿ ಸೊನ್ನೆ. ಆದರೆ 100 ಗ್ರಾಂ ಸಾಸೇಜಿನಲ್ಲಿ ಸುಮಾರು 2 ಗ್ರಾಂ ಉಪ್ಪಿರುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಇಡೀ ದಿನಕ್ಕೆ ಹೇಳುವ ಮಿತಿ 5 ಗ್ರಾಂ. ಅದರ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಸಾಸೇಜೂ ಸೇರಿದಂತೆ ಸಂಸ್ಕರಿಸಿದ ಮಾಂಸವನ್ನು ಕ್ಯಾನ್ಸರ್‌ಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತು. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಸುಮಾರು ಶೇಕಡ 18ರಷ್ಟು ಹೆಚ್ಚುತ್ತದೆಂದು ಅದರ ಅಂದಾಜು. ಇದು ತಿನ್ನದವರಿಗಿರುವ ಸಂಭವದ ಮೇಲಿನ ಹೆಚ್ಚಳವೇ ಹೊರತು ನೂರರಲ್ಲಿ ಹದಿನೆಂಟು ಮಂದಿಗೆ ರೋಗ ಬರುತ್ತದೆಂದಲ್ಲ.

ಹಾಗಾದರೆ ಸಾಸೇಜಿಗೆ ಬೆಳಗಿನ ತಟ್ಟೆಯಲ್ಲಿ ಜಾಗವಿಲ್ಲವೇ? ಇದೆ, ನೆಂಟನ ಜಾಗ. 25 ಗ್ರಾಮಿನ ಒಂದು ತುಂಡಿಗೆ 80 ಕ್ಯಾಲೊರಿಯಷ್ಟಾಯಿತು. ಎಣ್ಣೆಯಲ್ಲಿ ಕರಿಯದೆ ಬೇಯಿಸಿ, ಟೊಮೇಟೊ, ಸೊಪ್ಪು, ಒಂದು ಚೂರು ಬ್ರೆಡ್ಡಿನೊಡನೆ ಎಂದಾದರೊಮ್ಮೆ ತಿಂದರೆ ಲೆಕ್ಕ ತಪ್ಪುವುದಿಲ್ಲ. ದಿನವೂ ಬಂದು ಕೂತರೆ ಯಾವ ನೆಂಟನೂ ಭಾರವೇ.