ಬಲ್ಮಠದ ಪಾಠಶಾಲೆ

ಭಾನುವಾರ ಬೆಳಿಗ್ಗೆ ದಾಂಡೇಲಿಯಲ್ಲಿ ಚರ್ಚಿನ ಗಂಟೆ ಕೇಳಿಸುತ್ತದೆ. ಅಲ್ಲಿ ನಿಂತು ಉಪದೇಶ ಮಾಡುವವರು ಎಷ್ಟು ಓದಿರಬೇಕೆಂದು ತಾವು ಎಂದಾದರೂ ಯೋಚಿಸಿದ್ದುಂಟೆ, ವಾಚಕ ಮಹಾಶಯರೇ? ನಾನಂತೂ ಯೋಚಿಸಿರಲಿಲ್ಲ. ಕೆಲವು ವರ್ಷಗಳ ಹಿಂದೆ ಹಳ್ಳಿಯ ಸಭೆಯೊಂದನ್ನು ನೋಡಿಕೊಳ್ಳುವ ತರುಣ ಉಪದೇಶಿಯೊಬ್ಬರು ಮನೆಗೆ ಬಂದು, “ಪಂಡಿತರೇ, ಕೃಪೆಗೂ ಕರುಣೆಗೂ ಏನು ಭೇದ? ಸಭೆಯಲ್ಲಿ ಒಬ್ಬ ಅಜ್ಜಿ ಕೇಳಿದರು, ನನಗೆ ಹೇಳಲಾಗಲಿಲ್ಲ” ಎಂದರು. ಅಮರಕೋಶ ತೆಗೆದೆ. ಅದು ಎರಡನ್ನೂ ಪರ್ಯಾಯಪದಗಳೆಂದು ಹೇಳಿ ಮುಗಿಸಿಬಿಡುತ್ತದೆ! ನನ್ನ ಪಾಂಡಿತ್ಯ ಅಲ್ಲಿಗೆ ನಿಂತಿತು. ಮೂಲ ಗ್ರೀಕಿನಲ್ಲಿ ಖಾರಿಸ್, ಎಲಿಯೊಸ್ ಎಂದು ಎರಡು ಬೇರೆ ಮಾತುಗಳಿವೆಯೆಂದೂ, ಮೊದಲನೆಯದು ಅರ್ಹತೆ ನೋಡದೆ ಕೊಡುವ ದಾನ, ಎರಡನೆಯದು ಕಷ್ಟದಲ್ಲಿರುವವರನ್ನು ಕಂಡು ಮನಸ್ಸು ಕರಗುವುದು ಎಂದೂ ಬಲ್ಲವರಿಂದ ಆಮೇಲೆ ತಿಳಿದೆ.

ಈ ತೊಡಕನ್ನು ನಮ್ಮ ನಾಡಿನಲ್ಲಿ ಮೊದಲು ಎದುರಿಸಿದವರಲ್ಲಿ ಬಾಸೆಲ್ ಮಿಶನ್ನಿನವರು ಮುಖ್ಯರು. 1834ರಲ್ಲಿ ಮಂಗಳೂರಿಗೆ, 1837ರಲ್ಲಿ ಧಾರವಾಡಕ್ಕೆ ಬಂದ ಅವರಿಗೆ, ಪರದೇಶದ ಪಾದ್ರಿಗಳಿಂದಲೇ ಸಭೆ ನಿಲ್ಲದೆಂಬುದು ಬೇಗ ತಿಳಿಯಿತು. 1847ರಲ್ಲಿ ಮಂಗಳೂರಿನ ಬಲ್ಮಠದಲ್ಲಿ ದೇವಜ್ಞಾನದ ಪಾಠಶಾಲೆ ನೆಲೆಗೊಂಡಿತು. ಅದರ ಜೀವಾಳ ಹರ್ಮನ್ ಮೋಗ್ಲಿಂಗ್; 1843ರಲ್ಲಿ ‘ಮಂಗಳೂರ ಸಮಾಚಾರ’ ಹೊರಡಿಸಿದ ಅದೇ ಮೋಗ್ಲಿಂಗ್. ಆತ ಕನ್ನಡ ಕಲಿತ ರೀತಿ ನಮ್ಮಂಥ ಪಂಡಿತರಿಗೆ ನಾಚಿಕೆ ತರುವಂತಹುದು: ಜೈಮಿನಿ ಭಾರತ, ಬಸವಪುರಾಣ, ದಾಸರ ಪದಗಳನ್ನು ಓದಿದ್ದಷ್ಟೇ ಅಲ್ಲ, ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿದರು. ಕೇಳುವವರ ಭಾಷೆ ಬಾರದೆ ಬರೀ ಗ್ರೀಕು ಬಂದರೆ ಆ ಅಜ್ಜಿಗೆ ಏನು ಪ್ರಯೋಜನ?

ಮಂಗಳೂರಿನ ಸಾರಸ್ವತ ಮನೆತನದ ಆನಂದರಾವ್ ಕೌಂಡಿನ್ಯರು 1844ರಲ್ಲಿ ದೀಕ್ಷೆ ಪಡೆದು, 1846ರಲ್ಲಿ ಸ್ವಿಟ್ಸರ್ಲೆಂಡಿನ ಬಾಸೆಲ್ಲಿಗೆ ಹೋದರು. ಅಲ್ಲಿ ಓದಿ, 1851ರಲ್ಲಿ ಗುರುದೀಕ್ಷೆ ಪಡೆದು ಮರಳಿದರು. ಮುಂದೆ ಬಲ್ಮಠದಲ್ಲಿಯೇ ಪಾಠ ಹೇಳಿದರು. ಅವರ ಪಾಠ ಕೇಳಿದವರಿಗೆ ಎರಡು ಕಡೆಯ ವಿದ್ಯೆಯೂ ಒಬ್ಬರ ಬಾಯಲ್ಲೇ ಸಿಕ್ಕಿರಬೇಕು.

1965ರಲ್ಲಿ ಆ ಶಾಲೆಯೂ ತುಮಕೂರಿನ ಯೂನಿಯನ್ ಕ್ಯಾನರೀಸ್ ಸೆಮಿನರಿಯೂ ಕೂಡಿ ಕರ್ನಾಟಕ ಥಿಯಲಾಜಿಕಲ್ ಕಾಲೇಜಾದುವು. ಇಂದಿಗೂ ಅದು ಬಲ್ಮಠದಲ್ಲೇ ಇದೆ.

ನಮ್ಮ ಉಪದೇಶಿಯವರಿಗೂ ಅಲ್ಲಿಗೆ ಹೋಗಿ ಓದುವ ಆಸೆ. ಆದರೆ ಸಂಸಾರವುಂಟು, ಸಂಬಳ ಸಾಲದು. ತಾವಿಲ್ಲದಾಗ ಸಭೆಯನ್ನು ನೋಡಿಕೊಳ್ಳುವವರು ಯಾರೆಂಬುದು ಇನ್ನೂ ತೀರ್ಮಾನವಾಗಿಲ್ಲ. ಅಜ್ಜಿಯ ಮುಂದಿನ ಪ್ರಶ್ನೆ ಆಗಲೇ ಬಂದಿದೆಯಂತೆ.