ಕಾಕ್ಲಿಯರ್ ಇಂಪ್ಲಾಂಟ್: ಅಪಾಯಗಳು ನಡೆದುಬಂದ ದಾರಿ

ಹುಕ್ಕೇರಿ ತಾಲ್ಲೂಕಿನ ನಿಡಸೋಸಿಯು ದುರದುಂಡೀಶ್ವರ ಮಠದಿಂದ ಪ್ರಸಿದ್ಧವಾದ ಊರು. ಉತ್ತರ ಕರ್ನಾಟಕದ ಇತರೆಡೆಗಳಂತೆ ಈ ಸೀಮೆಯಲ್ಲಿಯೂ ಅಕ್ಕನ ಮಗಳನ್ನೋ ಸೋದರಮಾವನ ಮಗಳನ್ನೋ ತಂದುಕೊಳ್ಳುವ ರೂಢಿಯುಂಟು. ಅಂತಹ ಸಂಬಂಧಗಳಲ್ಲಿ ಹುಟ್ಟುಗಿವುಡಿನ ಸಂಭವ ಅಧಿಕವೆಂಬುದು ವೈದ್ಯಶಾಸ್ತ್ರದ ನಿರ್ಣಯ. ಕಿವಿ ಕೇಳದ ಕೂಸಿಗೆ ಇಂಪ್ಲಾಂಟ್, ಅಂದರೆ ಶ್ರವಣನರವನ್ನು ವಿದ್ಯುತ್ತಿನಿಂದ ಪ್ರಚೋದಿಸುವ ಸಾಧನವನ್ನು ಒಳಗಿವಿಯಲ್ಲಿ ಅಳವಡಿಸುವ ಶಸ್ತ್ರಕ್ರಿಯೆ, ಮಾಡಿಸಿರೆಂದು ವೈದ್ಯರು ಹೇಳಿದಾಗ 'ತಲಿ ಕೊರಿತಾರಂತ' ಎಂದು ಮನೆಯವರು ಅಂಜುವುದು ಸಹಜ. ಈ ಅಂಜಿಕೆ ನಿರಾಧಾರವಲ್ಲ. ಆದರೆ ಆರು ದಶಕಗಳಿಗೂ ಮಿಕ್ಕ ಅವಧಿಯಲ್ಲಿ ಅಪಾಯದ ಬಹುಭಾಗವು ಶಸ್ತ್ರದ ಅಲಗಿನಿಂದ ಸರಿದು, ಶಸ್ತ್ರಕ್ರಿಯೆಯ ಅನಂತರದ ವರ್ಷಗಳಲ್ಲಿ ನೆಲಸಿದೆಯೆಂಬುದನ್ನು ಈ ವಿದ್ಯೆಯ ಇತಿಹಾಸವು ತೋರಿಸುತ್ತದೆ.

1957ರಲ್ಲಿ ಪ್ಯಾರಿಸ್ಸಿನ ಆಂದ್ರೆ ಜೂರ್ನೊ ಮತ್ತು ಶಾರ್ಲ್ ಏರಿಯೆಸ್, ಮುಖನರದ ದುರಸ್ತಿಗೆಂದು ಬಂದಿದ್ದ ಕಿವುಡನೊಬ್ಬನ ಶ್ರವಣನರವನ್ನು ವಿದ್ಯುತ್ತಿನಿಂದ ಪ್ರಚೋದಿಸಿದರು. ಅವನಿಗೆ ಶಬ್ದದ ಅನುಭವವಾಯಿತಾದರೂ, ಸಾಧನವು ಕೆಲಕಾಲದಲ್ಲಿಯೇ ಕೆಟ್ಟು, ಮರಳಿ ಅಳವಡಿಸಿದುದೂ ನಿಂತುಹೋಯಿತು. 1961ರಲ್ಲಿ ಅಮೆರಿಕದ ವಿಲಿಯಂ ಹೌಸ್ ಅಳವಡಿಸಿದ ಸಾಧನಗಳು ದೇಹಕ್ಕೆ ಒಗ್ಗದೆ, ಅವನ್ನು ಹೊರತೆಗೆಯಬೇಕಾಯಿತು. ಪರದ್ರವ್ಯವನ್ನು ಶರೀರವು ಸಹಿಸುವುದೇ ಎಂಬುದೇ ಆ ಯುಗದ ಮುಖ್ಯ ಪ್ರಶ್ನೆಯಾಗಿತ್ತು.

1978ರಲ್ಲಿ ಮೆಲ್ಬರ್ನಿನ ಗ್ರೇಮ್ ಕ್ಲಾರ್ಕ್ ಬಹುವಾಹಿನಿಯ ಸಾಧನವನ್ನು ಅಳವಡಿಸಿದ ತರುವಾಯ ಪ್ರಶ್ನೆಯು ಶಸ್ತ್ರವೈದ್ಯನ ಕೈಚಳಕಕ್ಕೆ ತಿರುಗಿತು. ಕಿವಿಯ ಹಿಂದಿನ ಎಲುಬನ್ನು ಕೊರೆದು, ಮುಖನರಕ್ಕೂ ನಾಲಿಗೆಯ ರುಚಿಯನ್ನೊಯ್ಯುವ ಎಳೆನರಕ್ಕೂ ನಡುವಿನ ಇಕ್ಕಟ್ಟಾದ ಸಂದಿನಿಂದ ಒಳಹೊಕ್ಕು, ಒಳಗಿವಿಯ ಶಂಖಾಕೃತಿಯ ಕಾಕ್ಲಿಯದೊಳಕ್ಕೆ ಎಲೆಕ್ಟ್ರೋಡನ್ನು ನೂಕಬೇಕು. ಒಂದು ನರಕ್ಕೆ ಪೆಟ್ಟಾದರೆ ಮೋರೆ ಸೊಟ್ಟಗಾಗುವುದು. ಇನ್ನೊಂದಕ್ಕಾದರೆ ರುಚಿ ಕೆಡುವುದು. ಒಳಗಿವಿಯ ಸಮತೋಲನಾಂಗ ಕಲಕಿದರೆ ತಲೆ ತಿರುಗುವುದು. ನರದ ಇರವನ್ನು ಸೂಚಿಸುವ ಮಾನಿಟರುಗಳು ಬಂದ ಮೇಲೆ, ಅನುಭವಿಗಳ ಕೈಯಲ್ಲಿ ಮುಖನರದ ಸ್ಥಾಯಿ ಹಾನಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಮೊದಲೆಲ್ಲ ದೊಡ್ಡದಾಗಿ ತೆರೆಯುತ್ತಿದ್ದ ಚರ್ಮದ ಪದರವು ಕೊಳೆತು ಸಾಧನವು ಬಯಲಾಗುತ್ತಿದ್ದುದೂ ಗಾಯವನ್ನು ಕಿರಿದುಗೊಳಿಸಿದ ಮೇಲೆ ವಿರಳವಾಯಿತು.

ಅಮೆರಿಕದಲ್ಲಿ 1990ರಲ್ಲಿ ಎರಡು ವರ್ಷ ಮೀರಿದ ಮಕ್ಕಳಿಗೂ ಅನುಮತಿ ದೊರೆತುದರಿಂದ ಹೊಸ ಎಚ್ಚರಗಳು ಬೇಕಾದವು. ಕಾಕ್ಲಿಯವು ಹುಟ್ಟುವಾಗಲೇ ಪೂರ್ಣಪ್ರಮಾಣದ್ದಾದರೂ, ಎಳೆಕೂಸಿನ ತಲೆಯೋಡು ತೆಳುವು, ರಕ್ತವು ಅಲ್ಪ. ಒಳಗಿವಿಯ ರಚನೆಯೇ ವಿಕೃತವಾಗಿದ್ದರೆ, ತೂತು ಮಾಡಿದೊಡನೆ ಮೆದುಳಿನ ಸುತ್ತಣ ದ್ರವವು ಚಿಮ್ಮಬಹುದು. ಆದುದರಿಂದಲೇ ಮುಂಚಿತವಾಗಿ ಸಿ.ಟಿ. ಮತ್ತು ಎಂ.ಆರ್.ಐ. ಚಿತ್ರಗಳನ್ನು ತೆಗೆಸುತ್ತಾರೆ.

2002ರಲ್ಲಿ ಅನಿರೀಕ್ಷಿತ ಆಘಾತವೊಂದು ಒದಗಿತು: ಇಂಪ್ಲಾಂಟ್ ಹೊಂದಿದವರಲ್ಲಿ ಮಿದುಳ್ಪೊರೆಯ ಉರಿಯೂತವು, ಅಂದರೆ ಮೆನಿಂಜೈಟಿಸ್, ಕಾಣಿಸಿಕೊಂಡಿತು. ಮರುವರ್ಷ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ 4264 ಮಕ್ಕಳ ಪೈಕಿ 26 ಮಂದಿಗೆ ಅದು ತಗಲಿದ್ದು, ನ್ಯೂಮೋಕಾಕಸ್ ಜೀವಾಣುವಿನಿಂದಾಗುವ ಬಗೆಯು ಸಾಮಾನ್ಯ ಮಕ್ಕಳಲ್ಲಿರುವುದಕ್ಕಿಂತ ಮೂವತ್ತು ಪಟ್ಟಿಗೂ ಮಿಕ್ಕು ಕಂಡುಬಂತು. ಎಲೆಕ್ಟ್ರೋಡನ್ನು ಒತ್ತಿಹಿಡಿಯುವ ಒಂದು ತುಂಡುಳ್ಳ ಮಾದರಿಯಲ್ಲಿ ಅಪಾಯವು ವಿಶೇಷವಾಗಿದ್ದಿತು. ಅದನ್ನು ಮಾರುಕಟ್ಟೆಯಿಂದ ಹಿಂತೆಗೆದರು. ಅಂದಿನಿಂದ ನ್ಯೂಮೋಕಾಕಲ್ ಲಸಿಕೆಯು ಇಂಪ್ಲಾಂಟಿನ ಅವಿಭಾಜ್ಯ ಅಂಗವಾಗಿದೆ. 2021ರಲ್ಲಿ ಆ ಲಸಿಕೆಯನ್ನು ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಡಿ ಭಾರತದಾದ್ಯಂತ ವಿಸ್ತರಿಸಲಾಯಿತು.

ಇನ್ನು ಸಾಧನವೇ ಕೆಡುವುದೊಂದುಂಟು. ಬಿದ್ದು ಪೆಟ್ಟಾಗಿಯೋ ಒಳಗಿನ ದೋಷದಿಂದಲೋ ಅದು ನಿಂತರೆ ಮತ್ತೆ ಶಸ್ತ್ರಕ್ರಿಯೆ ಅನಿವಾರ್ಯ. ಒಳಗಿನ ಅಯಸ್ಕಾಂತದ ಕಾರಣ, ಎಂ.ಆರ್.ಐ. ತೆಗೆಸುವ ಮೊದಲು ಇಂಪ್ಲಾಂಟ್ ಇರುವುದನ್ನು ಹೇಳಲೇಬೇಕು.

ಕರ್ನಾಟಕದಲ್ಲಿ ಈ ವಿದ್ಯೆಗೆ 1966ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಬಲವಿದೆ. ಅಂಗವಿಕಲರಿಗೆ ಸಾಧನಗಳನ್ನು ಒದಗಿಸುವ ಕೇಂದ್ರದ ಅಡಿಪ್ ಯೋಜನೆಯಡಿ 2014ರಲ್ಲಿ ಆರು ಲಕ್ಷ ರೂಪಾಯಿಗಳವರೆಗಿನ ನೆರವು ಆರಂಭವಾಯಿತು. ರಾಜ್ಯದ 'ಶ್ರವಣ ಸಂಜೀವಿನಿ' ಯೋಜನೆಯೂ ಇದೆ. ಹೀಗೆ ಬಡವನ ಮಗುವಿಗೂ ಶಸ್ತ್ರಕ್ರಿಯೆ ದೊರೆಯುವಂತಾದುದು ದೊಡ್ಡ ಸಂಗತಿ. ಆದರೆ ಆಸ್ಪತ್ರೆಯಿಂದ ಮರಳಿದ ಮೇಲೆ ಮಗುವು ಬೆಳೆಯುವುದು ಊರಿನಲ್ಲಿ. ಕಿವಿಯ ಹಿಂದೆ ಬಾವು ಬಂದರೆ, ಕಿವಿ ಸೋರಿದರೆ, ಜ್ವರದೊಡನೆ ವಾಂತಿಯಾಗಿ ಕುತ್ತಿಗೆ ಸೆಡೆತರೆ, ತಡಮಾಡದೆ ಆಸ್ಪತ್ರೆಗೆ ಹೊರಡಿಸುವ ತಿಳಿವು ತಾಯಿಯಲ್ಲಿಯೂ ಆಶಾ ಕಾರ್ಯಕರ್ತೆಯಲ್ಲಿಯೂ ಇರಬೇಕು. ಇಂಪ್ಲಾಂಟಿನೊಡನೆ ಕಿವಿಯ ಹೊರಗೆ ಧರಿಸುವ ಯಂತ್ರ ಕೆಟ್ಟರೆ ದುರಸ್ತಿಗೆ ದಾರಿಯಿರಬೇಕು. ನುಡಿ ಕಲಿಸುವ ಥೆರಪಿಗೆ ವರ್ಷಗಟ್ಟಲೆ ಹೋಗಿಬರುವ ಅನುಕೂಲವಿರಬೇಕು. ಶಸ್ತ್ರವೈದ್ಯರು ತಮ್ಮ ಪಾಲಿನ ಅಪಾಯವನ್ನು ಬಹುಮಟ್ಟಿಗೆ ತಗ್ಗಿಸಿದ್ದಾರೆ. ಉಳಿದ ಪಾಲನ್ನು ತಗ್ಗಿಸುವ ಹೊಣೆ ಇನ್ನು ಪ್ರಾಥಮಿಕ ಆರೋಗ್ಯ ಕೇಂದ್ರದ್ದು, ಸರ್ಕಾರದ್ದು.