ಅನುಕ್ರಮಸಂಖ್ಯೆಯೂ ಅದರ ಲಕ್ಷಣಗಳೂ

ಧಾರವಾಡ ಸೀಮೆಯ ಶಾಸನಗಳನ್ನು ಅಭ್ಯಸಿಸುವವರಿಗೆ ಮೊದಲು ಎದುರಾಗುವುದು ಕಾಲನಿರ್ಣಯದ ಪ್ರಶ್ನೆ. ಶಾಸನದಲ್ಲಿ ‘ನಳ ಸಂವತ್ಸರ’ವೆಂದಷ್ಟೇ ಇದ್ದರೆ, ಅದು ಕ್ರಿ.ಶ. 1016ರದೋ, 1076ರದೋ, 1136ರದೋ ಎಂದು ಹೇಳಲಾಗದು. ಪ್ರಭವದಿಂದ ಅಕ್ಷಯದವರೆಗೆ ಸಂವತ್ಸರಗಳು 60. ಮುಗಿದೊಡನೆ ಮತ್ತೆ ಮೊದಲಿನಿಂದ ಬರುತ್ತವೆ. ನಳವು ಅವುಗಳಲ್ಲಿ 50ನೆಯದು. ಶಕವರ್ಷವಾದರೋ ಕ್ರಿ.ಶ. 78ರಿಂದ ಎಣಿಸಿದುದು, ಅದು ಮರಳಿ ಬಾರದು. ಮೂರನೆಯದು, ಆರನೆಯ ವಿಕ್ರಮಾದಿತ್ಯನು 1076ರಲ್ಲಿ ಪಟ್ಟಕ್ಕೆ ಬಂದು ಆರಂಭಿಸಿದ ಚಾಳುಕ್ಯ ವಿಕ್ರಮವರ್ಷ. ಅದರ ಮೊದಲ ವರ್ಷವು ನಳ ಸಂವತ್ಸರ. ಆದುದರಿಂದ 12ನೆಯದು ಪ್ರಭವವಾಗಬೇಕು. ಶಾಸನದಲ್ಲಿ ಬೇರೆ ಹೆಸರು ಕಂಡರೆ, ಪಾಠದೋಷವನ್ನೋ ಗತ-ವರ್ತಮಾನ ವರ್ಷಗಳ ಭೇದವನ್ನೋ ಶಂಕಿಸಿ ಮತ್ತೊಮ್ಮೆ ಪರೀಕ್ಷಿಸುವುದು ಯುಕ್ತ.

ಸಂಖ್ಯೆಯು ತನ್ನ ಅರ್ಥವನ್ನು ತಾನೇ ಹೇಳದು. ಅದು ಸೇರಿದ ಮಾಲೆ ಯಾವುದು, ಆರಂಭವೆಲ್ಲಿ, ಹೆಜ್ಜೆಯೆಷ್ಟು, ಮಿತಿಯೇನು, ಪುನರಾವೃತ್ತಿಯುಂಟೆ ಎಂಬಿವು ತಿಳಿಯಬೇಕು. ರೈಸರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ತಾಲೂಕು ತಾಲೂಕಿಗೆ ಎಣಿಕೆಯು 1ರಿಂದ ಮೊದಲಾಗುವುದರಿಂದ, ತಾಲೂಕಿನ ಹೆಸರಿಲ್ಲದ ಶಾಸನಸಂಖ್ಯೆ ನಿರುಪಯೋಗಿ.

ಇಂದು ಶಾಸನಸೂಚಿಗಳನ್ನು ಗಣಕಯಂತ್ರದಲ್ಲಿ, 1970ರಲ್ಲಿ ಕಾಡ್ ಅವರು ಪ್ರತಿಪಾದಿಸಿದ ಸಂಬಂಧಾತ್ಮಕ ಪದ್ಧತಿಯ ದತ್ತಸಂಚಯಗಳಲ್ಲಿ ಇಡಬಹುದಾಗಿದೆ. ಅಲ್ಲಿ ಪ್ರತಿಯೊಂದು ನಮೂದಿಗೂ ಕ್ರಮಾಂಕವನ್ನು ಕೊಡಲು ‘ಸೀಕ್ವೆನ್ಸ್’ ಎಂಬ ಸಾಧನವುಂಟು. ಶಿಲಾಲೇಖದ ಎಣಿಕೆಯ ಲಕ್ಷಣಗಳನ್ನು ನಾವು ಹೊರಗಿನಿಂದ ಊಹಿಸಬೇಕಾದರೆ, ಇಲ್ಲಿ ದತ್ತಸಂಚಯವೇ ಅವನ್ನು ದಾಖಲಿಸಿಕೊಂಡಿರುತ್ತದೆ. ಪೋಸ್ಟ್‌ಗ್ರೆಸ್ ಎಂಬುದರ 10ನೆಯ ಆವೃತ್ತಿಯಿಂದ (2017) ‘ಪಿಜಿ ಸೀಕ್ವೆನ್ಸಸ್’ ಎಂಬ ಪಟ್ಟಿಯನ್ನು ಕೇಳಿದರೆ ಆರಂಭಸಂಖ್ಯೆ, ಕನಿಷ್ಠ-ಗರಿಷ್ಠ ಮಿತಿಗಳು, ಹೆಜ್ಜೆ, ಪುನರಾವೃತ್ತಿ, ಕೊನೆಯ ಸಂಖ್ಯೆ ಎಲ್ಲವೂ ದೊರೆಯುತ್ತವೆ.

ಆದರೆ ಒಂದು ಎಚ್ಚರಿಕೆ ಅವಶ್ಯ. ನಮೂದನ್ನು ಅರ್ಧದಲ್ಲಿ ರದ್ದುಪಡಿಸಿದರೂ ಅದಕ್ಕೆಂದು ತೆಗೆದ ಸಂಖ್ಯೆ ಹಿಂದಿರುಗದು. ಮಾಲೆಯಲ್ಲಿ ತೆರಪು ಉಳಿಯುತ್ತದೆ. ಕೊನೆಯ ಸಂಖ್ಯೆ 500 ಇದ್ದ ಮಾತ್ರಕ್ಕೆ 500 ಶಾಸನಗಳಿವೆಯೆಂದು ಬರೆಯುವವನು ಇಲ್ಲದ ಶಾಸನಗಳನ್ನು ಇತಿಹಾಸಕ್ಕೆ ಸೇರಿಸುತ್ತಾನೆ. ತೆರಪನ್ನು ಕಂಡು ಶಾಸನಗಳು ಕಳೆದುಹೋದುವೆನ್ನುವವನು ಇಲ್ಲದ ನಷ್ಟಕ್ಕೆ ಮರುಗುತ್ತಾನೆ. ನಮೂದುಗಳನ್ನೇ ಎಣಿಸಬೇಕು. ಕಲ್ಲಾಗಲಿ ಯಂತ್ರವಾಗಲಿ, ಎಣಿಕೆಯ ನಿಯಮವನ್ನು ಅರಿತ ಮೇಲೆಯೇ ಸಂಖ್ಯೆಯನ್ನು ಆಧಾರವಾಗಿ ಗ್ರಹಿಸಬೇಕೆಂದು ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ.